ದೊಡ್ಡಪ್ಪನ ಕಿವಿ

ಚನ್ನಪಟ್ಟಣ
16 ಫೆಬ್ರವರಿ 2025

ಪುಟ್ಟಿ,

ಧಾರವಾಡದ ಚಳಿ ಇಳಿಯಿತೇ? ನಿನ್ನ ಸ್ಕೂಲಿನ ಮಕ್ಕಳು ಸರಳೆ ವರಸೆ ದಾಟಿದರೋ, ಇನ್ನೂ ಅಲ್ಲೇ ತೂಕಡಿಸುತ್ತಿದ್ದಾರೋ?

ಕಾಗದ ಬರೆಯಲು ಕುಳಿತ ನನ್ನನ್ನು ಕಂಡು ನಿನ್ನ ದೊಡ್ಡಮ್ಮ ನಗುತ್ತಿದ್ದಾಳೆ. ಕೈಯಲ್ಲಿ ಮೊಬೈಲ್ ಇಟ್ಟುಕೊಂಡು ಅಂಚೆ ಕಚೇರಿಗೆ ಅಲೆಯುವವರು ಈ ಬೀದಿಯಲ್ಲಿ ನಾನೊಬ್ಬನೇ ಅಂತೆ. ನಮ್ಮ ಕಟ್ಟಳೆ ಅವಳಿಗೇನು ಗೊತ್ತು? ನೀನು ಮಾಗಡಿಯಿಂದ ನಮ್ಮ ಮನೆಗೆ ಓದಲು ಬಂದ ವರ್ಷವೇ ಮಾಡಿಕೊಂಡದ್ದು: ಹಾಡು ಕೇಳಿದ ಕೂಡಲೇ ಬಾಯಲ್ಲಿ ತೀರ್ಪು ಹೇಳಬಾರದು, ಒಂದು ರಾತ್ರಿ ಮಲಗಿ ಎದ್ದು ಬರೆದು ಕೊಡಬೇಕು. ಬಾಯಿ ಎದುರಿಗಿರುವವರ ಮುಖ ನೋಡಿ ಮಾತಾಡುತ್ತದೆ. ಕಾಗದಕ್ಕೆ ಆ ದಾಕ್ಷಿಣ್ಯವಿಲ್ಲ. ಆಗ ಒಂದೇ ಮನೆಯಲ್ಲಿದ್ದುಕೊಂಡು ಚೀಟಿ ಕೊಡುತ್ತಿದ್ದೆವು, ಈಗ ಸ್ಟಾಂಪ್ ಅಂಟಿಸುತ್ತೇವೆ.

ಈಗ ಬೈಗುಳಕ್ಕೆ ಬರೋಣ. ಹೋದ ವಾರ ರಾಮನಗರದಲ್ಲಿ ದೊಡ್ಡ ಗಾಯಕಿಯ ಕಚೇರಿ. ಮೈಕ್‌ಸೆಟ್ ನಮ್ಮದೇ. ಆಕೆಯ ಹೆಸರು ಬರೆಯುವುದಿಲ್ಲ, ನೀನು ನನ್ನನ್ನು ಊರು ಬಿಡಿಸುತ್ತೀ. ಮೇಲಿನ ಸ್ಥಾಯಿಗೆ ಹೋದಾಗಲೆಲ್ಲ ಶ್ರುತಿ ಜಾರುತ್ತಿತ್ತು. ಜನ ಮಾತ್ರ ತಲೆದೂಗಿದ್ದೇ ದೂಗಿದ್ದು. ಮೊನ್ನೆ ಕನಕಪುರದಲ್ಲಿ ಆ ತವಿಲ್ ಡೋಲಿನ ಮನೆತನದ ಸಿನಿಮಾ ನೋಡಿದೆ. ಕಥೆ ಪರವಾಗಿಲ್ಲ, ನಾದಸ್ವರ ಒಂದು ದಿಕ್ಕು, ತಂಬೂರಿ ಒಂದು ದಿಕ್ಕು. ಸಂಕ್ರಾಂತಿಯ ಮೇಲೆ ಬಂದ ಆಲ್ಬಂಗಳನ್ನೂ ತರಿಸಿ ಕೇಳಿದೆ. ಒಂದಾದರೂ ನೆಟ್ಟಗಿಲ್ಲ. ಈಗಿನವರಿಗೆ ಕಂಪ್ಯೂಟರೇ ಶ್ರುತಿ ಸೇರಿಸಿ ಕೊಡುತ್ತದಂತೆ, ಸೇರಿಸಿದ ಮೇಲೆ ಹೀಗೆ!

ಅಂಗಡಿಯ ಪಾಲುದಾರ ತಾಜ್ ಪಾಷಾನಿಗೆ ಹೇಳಿದರೆ, ನನಗೆ ವಯಸ್ಸಾಯಿತು, ಅದಕ್ಕೇ ಎಲ್ಲರ ಮೇಲೂ ಹರಿಹಾಯುತ್ತೇನೆ ಎಂದ. ಅವನಿಗೇನು, ಹಾರ್ನ್ ಹೊಡೆದರೂ ಮಸ್ತ್ ಎನ್ನುತ್ತಾನೆ.

ನಿನ್ನ ಆಲ್ಬಂ ಎಲ್ಲಿಗೆ ಬಂತು? 

ದೊಡ್ಡಪ್ಪ
ಚೆಲುವಯ್ಯ

*

ಧಾರವಾಡ
2 ಮಾರ್ಚ್ 2025

ದೊಡ್ಡಪ್ಪ,

ನಿಮ್ಮ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಓದಿ ನಕ್ಕುಬಿಟ್ಟೆ, ಹೆಡ್‌ಮಿಸ್ಸು ತಿರುಗಿ ನೋಡಿದರು. ಪಾಪ, ಆ ಗಾಯಕಿಯನ್ನು ಬಿಟ್ಟುಬಿಡಿ.

ಆಲ್ಬಂ ಮುಗಿಯಿತು. ಆರು ಹಾಡು. ಹೆಸರು 'ನಾಲ್ಕನೇ ಜ್ವರ'. ಇಲ್ಲಿಯ ಗೆಳೆಯರು ಇದೇನು ಆಸ್ಪತ್ರೆಯ ಹೆಸರು ಎಂದು ಬೇಡವೆಂದರು. ರೇಷ್ಮೆಹುಳು ಎಲೆ ಬಿಟ್ಟು ತಲೆಯೆತ್ತಿ ಮಲಗುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ, ನಾಲ್ಕನೆಯದು ಎದ್ದ ಮೇಲೆ ಅದು ಹೊಟ್ಟೆತುಂಬ ತಿಂದು ಗೂಡು ಕಟ್ಟುವುದು ಎಂದು ಹೇಳಿದ ಮೇಲೆ ಒಪ್ಪಿದರು. ಮಾಗಡಿಯ ಮನೆಯಲ್ಲಿ ಅಜ್ಜಿ ಸೊಪ್ಪು ಹಾಕುತ್ತ ಗುನುಗುತ್ತಿದ್ದ ಮಟ್ಟುಗಳೇ ಎಲ್ಲ.

ಇನ್ನೊಂದು ವಿಷಯವಿದೆ. ಬೆಂಗಳೂರಿನ ಒಬ್ಬ ನಿರ್ದೇಶಕರು ಹಾಡುಗಾರ್ತಿಯೊಬ್ಬಳ ಕಥೆಯ ಸಿನಿಮಾ ಮಾಡುತ್ತಿದ್ದಾರೆ. ನಮ್ಮ ಆಲ್ಬಂನ ಒಂದು ಹಾಡು ಅವರ ಕಿವಿಗೆ ಬಿದ್ದಿದೆ. ಇಡೀ ಸಿನಿಮಾಕ್ಕೆ ಆ ಹೆಂಗಸಿನ ದನಿ ನಾನೇ ಆಗಬೇಕಂತೆ. ಯುಗಾದಿಯೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ಆಲ್ಬಂ ಕೂಡ ಯುಗಾದಿಗೇ ಬಿಡುವುದು.

ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಚೆನ್ನಾಗಿದೆ ಎನ್ನುವವರನ್ನು ನಂಬಬೇಡ ಎಂದು ಕಲಿಸಿದವರು ನೀವು. ನೀವು ಒಂದು ಮಾತು ಬರೆದರೆ ನನಗೆ ಸಾಕು. ಅಲ್ಲಿಯವರೆಗೆ ಅವರಿಗೆ ಏನೂ ಹೇಳುವುದಿಲ್ಲ. ಮೊಬೈಲಿಗೆ ಕಳಿಸಿದರೆ ಆ ಸಣ್ಣ ಸ್ಪೀಕರಿನಲ್ಲಿ ಕೇಳಿ ಶಾಪ ಹಾಕುತ್ತೀರಿ, ಅದಕ್ಕೇ ಪೆನ್‌ಡ್ರೈವ್ ಇಟ್ಟಿದ್ದೇನೆ.

ನಿಮ್ಮ
ಧನುಶ್ರೀ

*

ಚನ್ನಪಟ್ಟಣ
14 ಮಾರ್ಚ್ 2025

ಪುಟ್ಟಿ,

ಪೆನ್‌ಡ್ರೈವ್ ಬಂದ ದಿನ ಅಂಗಡಿಯ ಬಾಗಿಲು ಹಾಕಿಕೊಂಡು ಕೇಳಿದೆ. ಮಾರನೆಯ ದಿನ ಮತ್ತೆ ಕೇಳಿದೆ. ಇವತ್ತು ಬೆಳಿಗ್ಗೆ ಇನ್ನೊಮ್ಮೆ ಕೇಳಿ ಬರೆಯುತ್ತಿದ್ದೇನೆ.

ಮಟ್ಟು ಚೆನ್ನಾಗಿವೆ. ನಮ್ಮವ್ವನ ದನಿ ನಿನ್ನ ಗಂಟಲಿನಲ್ಲಿ ಎಲ್ಲಿ ಅಡಗಿ ಕುಳಿತಿತ್ತೋ, ಮೊದಲ ಹಾಡಿನಲ್ಲಿ ಕಣ್ಣು ತುಂಬಿತು. ಆದರೆ ಮಗಳೇ, ಶ್ರುತಿ ಇಲ್ಲ. ಕೆಳಗೆ ಸರಿಯಾಗಿದ್ದೀ. ಮೇಲಿನ ಷಡ್ಜ ಮುಟ್ಟುವ ಕಡೆಯಲ್ಲೆಲ್ಲ ಒಂದು ಕೂದಲೆಳೆ ಕೆಳಗೆ ನಿಲ್ಲುತ್ತೀ. ಒಂದು ಹಾಡಿನಲ್ಲಿ ಆಗಿದ್ದರೆ ನೆಗಡಿ ಎನ್ನುತ್ತಿದ್ದೆ. ಆರರಲ್ಲೂ ಹಾಗೇ ಇದೆ. ಮೂರನೆಯದರ ಚರಣವನ್ನು ನನಗೆ ಪೂರ್ತಿ ಕೇಳಲಾಗಲಿಲ್ಲ.

ದೊಡ್ಡಮ್ಮ ಇದನ್ನು ಬರೆಯಬೇಡ ಎಂದಳು. ತಾಜ್ ಜಗಳಕ್ಕೇ ಬಂದ. ಬೇರೆ ಯಾರಾದರೂ ಕಳಿಸಿದ್ದರೆ ನಾನೂ ಚೆನ್ನಾಗಿದೆ ಎಂದು ಕೈ ತೊಳೆದುಕೊಳ್ಳುತ್ತಿದ್ದೆ. ಸಿನಿಮಾದಲ್ಲಿ ಒಮ್ಮೆ ದನಿ ಕೂತರೆ ಅದು ನಿನ್ನ ಹಣೆಗೆ ಬಡಿದ ಹಾಗೆ, ಅಳಿಸಲು ಬರುವುದಿಲ್ಲ. ಹಟ್ಟಿಯ ಹುಡುಗಿ ಶ್ರುತಿ ಇಲ್ಲದೆ ಹಾಡಿದಳು ಎಂದು ಯಾರೂ ಆಡಿಕೊಳ್ಳಬಾರದು.

ತೀರ್ಮಾನ ನಿನ್ನದು. ಕೇಳಿದ್ದಕ್ಕೆ ಹೇಳಿದ್ದೇನೆ. ಸಿಟ್ಟು ಬಂದರೆ ನನ್ನ ಮೇಲೆ ಮಾಡಿಕೋ, ಊಟದ ಮೇಲೆ ಬೇಡ.

ದೊಡ್ಡಪ್ಪ

*

ಧಾರವಾಡ
28 ಮಾರ್ಚ್ 2025

ದೊಡ್ಡಪ್ಪ,

ಕಾಗದ ತಲುಪಿತು. ಆಗುವುದಿಲ್ಲ ಎಂದು ನಿರ್ದೇಶಕರಿಗೆ ತಿಳಿಸಿದ್ದೇನೆ. ಆಲ್ಬಂ ಬಿಡುವುದನ್ನೂ ನಿಲ್ಲಿಸಿದ್ದೇವೆ.

ನನಗೆ ಸಿಟ್ಟಿಲ್ಲ. ಎಲ್ಲರಿಗೂ ಯುಗಾದಿಯ ಶುಭಾಶಯ.

ಧನುಶ್ರೀ

*

ಚನ್ನಪಟ್ಟಣ
20 ಏಪ್ರಿಲ್ 2025

ಪುಟ್ಟಿ,

ನಿನ್ನ ಕಾಗದ ಓದಿ ಎದೆ ತುಂಬಿತು. ಎರಡೇ ಸಾಲಿನಲ್ಲಿ ಎಷ್ಟು ಗಟ್ಟಿಯಾಗಿ ಹೇಳಿದ್ದೀ. ಸಿನಿಮಾ ಎಂದರೆ ಬಾಯಿ ಬಿಡುವ ಕಾಲದಲ್ಲಿ ಬೇಡ ಎನ್ನಲು ಧೈರ್ಯ ಬೇಕು. ಆರು ತಿಂಗಳು ಸಾಧನೆ ಮಾಡು, ಮತ್ತೆ ಕಳಿಸು. ಅವಕಾಶ ಎಲ್ಲಿಗೆ ಹೋಗುತ್ತದೆ?

ಮೊನ್ನೆ ಬೆಂಗಳೂರಿನಲ್ಲಿ ರಾಮನವಮಿಯ ಕಚೇರಿಗೆ ಹೋಗಿದ್ದೆ. ಹಿರಿಯ ಪಿಟೀಲು ವಿದ್ವಾಂಸರು. ನಾನು ಹುಡುಗನಾಗಿದ್ದಾಗಿನಿಂದ ಅವರ ಕ್ಯಾಸೆಟ್ಟುಗಳ ಮೇಲೆ ಪ್ರಾಣ ಇಟ್ಟವನು. ಏನು ಹೇಳಲಿ, ಅವರೂ ತಪ್ಪಿದರು. ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾನೊಬ್ಬನೇ ಕುಳಿತಿದ್ದೆ. ಪಕ್ಕದವರು ನನ್ನನ್ನು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ.

ವಾಪಸು ಬರುವಾಗ ಗಾಡಿ ಓಡಿಸುತ್ತಿದ್ದವನು ತಾಜ್. ಕೆಂಗಲ್ ದಾಟುವಾಗ ಹೇಳಿದ: "ಚೆಲುವಣ್ಣ, ಊರ್ನೋರೆಲ್ಲ ಸೇರ್ಕಂಡು ನಿನ್ನೊಬ್ಬನ್ ಮೇಲೆ ಪಿತೂರಿ ಮಾಡ್ತಾರಾ? ಕಿವಿ ಒಸಿ ತೋರಿಸ್ಕೊ." ನನಗೆ ಎಲ್ಲಿತ್ತೋ ಕೋಪ. ಅವತ್ತಿನಿಂದ ಮಾತು ಬಿಟ್ಟಿದ್ದೇವೆ.

ಬರೆ.

ದೊಡ್ಡಪ್ಪ

*

ಚನ್ನಪಟ್ಟಣ
8 ಜೂನ್ 2025

ಪುಟ್ಟಿ,

ನಿನ್ನ ಕಾಗದ ಬಂದಿಲ್ಲ. ಬಾರದಿದ್ದರೂ ಇದನ್ನು ಓದು, ಪೂರ್ತಿ ಓದು.

ನಿನ್ನ ಶ್ರುತಿ ತಪ್ಪಿಲ್ಲ. ತಪ್ಪಿರುವುದು ನನ್ನ ಕಿವಿ.

ಮಾತು ಬಿಟ್ಟಿದ್ದ ತಾಜ್ ಹೋದ ತಿಂಗಳು ರಿಪೇರಿಗೆ ಬಂದ ಹಾರ್ಮೋನಿಯಂ ತಂದು ನನ್ನ ಮುಂದೆ ಇಟ್ಟ. ಒಂದು ಸ್ವರದ ಮನೆ ಒತ್ತಿ ಹಿಡಿದು, ಒಂದು ಕಿವಿ ಮುಚ್ಚು, ಆಮೇಲೆ ಇನ್ನೊಂದು ಮುಚ್ಚು ಎಂದು ಸನ್ನೆ ಮಾಡಿದ. ಎಡಗಿವಿಯಲ್ಲಿ ಒಂದು ಸ್ವರ ಕೇಳಿತು. ಬಲಗಿವಿಯಲ್ಲಿ ಅದೇ ಮನೆ ಅರ್ಧ ಸ್ವರ ಕೆಳಗೆ. ಅವನು ಬೆರಳು ಜಾರಿಸಿದ ಎಂದುಕೊಂಡು ನಾನೇ ಒತ್ತಿ ನೋಡಿದೆ. ಮೇಲೆ ಮೇಲೆ ಹೋದಷ್ಟೂ ಎರಡರ ನಡುವಿನ ಅಂತರ ಹೆಚ್ಚುತ್ತಿತ್ತು.

ಬೆಂಗಳೂರಿನ ಕಿವಿ ಡಾಕ್ಟರು ಪರೀಕ್ಷೆ ಮಾಡಿದರು. ಮೈಕ್‌ಸೆಟ್ ಹಾಕಿದ ಕಡೆಯಲ್ಲೆಲ್ಲ ದೊಡ್ಡ ಸ್ಪೀಕರ್ ಬಾಕ್ಸನ್ನು ಬಲಕ್ಕೆ ಇಟ್ಟುಕೊಂಡು ಕೂರುತ್ತಿದ್ದೆನಲ್ಲ, ಆ ಸದ್ದಿಗೆ ಬಲಗಿವಿ ಹೋಗಿದೆ, ಎಡಗಿವಿಯೂ ಹೊರಟಿದೆ. ಮೆಷಿನ್ ಹಾಕಿದರೆ ಸರಿಹೋಗುತ್ತದೆಯೇ ಎಂದು ಕೇಳಿದೆ. ಸದ್ದನ್ನು ದೊಡ್ಡದು ಮಾಡಬಹುದು, ನೆಟ್ಟಗೆ ಮಾಡಲು ಬರುವುದಿಲ್ಲ ಎಂದರು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಕೇಳಲಾರದವನು ಊರಿನ ಗಂಟಲನ್ನೆಲ್ಲ ಡೊಂಕು ಎಂದುಬಿಟ್ಟೆ. ಉಳಿದವರನ್ನು ಬೈದದ್ದು ಇರಲಿ, ನನ್ನ ಬೈಗುಳದಿಂದ ಅವರದೇನೂ ಹೋಗಲಿಲ್ಲ. ನೀನು ಮಾತ್ರ ನಂಬಿದೆ.

ಈ ಕಾಗದ ಕೈಸೇರಿದ ಕೂಡಲೇ ಆ ನಿರ್ದೇಶಕರಿಗೆ ಫೋನ್ ಮಾಡು. ನಾನೇ ಅವರ ಕಾಲು ಹಿಡಿಯಲು ಸಿದ್ಧ. ನಂಬರ್ ಕಳಿಸು, ತಾಜ್ ಮಾತಾಡುತ್ತಾನೆ. ನನಗೆ ಫೋನಿನಲ್ಲಿ ಮಾತು ಈಗ ತಗಡು ಕೆರೆದ ಹಾಗೆ ಕೇಳುತ್ತದೆ.

ದೊಡ್ಡಪ್ಪ

*

ಧಾರವಾಡ
24 ಜೂನ್ 2025

ದೊಡ್ಡಪ್ಪ,

ನೀವು ಸುಳ್ಳು ಹೇಳಿದ್ದನ್ನು ನಾನು ಇದುವರೆಗೆ ಕಂಡಿಲ್ಲ. ಆದ್ದರಿಂದ ನಿಮಗೆ ಸುಳ್ಳು ಹೇಳಲು ಬರುವುದಿಲ್ಲ ಎಂಬುದೂ ನನಗೆ ಗೊತ್ತು.

ನಾನು ಹಾಡು ಬಿಟ್ಟಿದ್ದೇನೆಂದು ಅಪ್ಪ ನಿಮಗೆ ಹೇಳಿರಬೇಕು. ದೊಡ್ಡಮ್ಮ ಅತ್ತಿರಬೇಕು. ತಾಜ್ ಚಿಕ್ಕಪ್ಪ ಉಪಾಯ ಹೇಳಿಕೊಟ್ಟಿರಬೇಕು. ಎಳೆಯ ಮಕ್ಕಳಿಗೆ ಬೆಲ್ಲ ಕೊಟ್ಟು ಸಮಾಧಾನ ಮಾಡುವ ಹಾಗೆ ನಿಮ್ಮ ಕಿವಿಯನ್ನೇ ಕೊಟ್ಟು ನನ್ನನ್ನು ಸಮಾಧಾನ ಮಾಡಲು ಬಂದಿದ್ದೀರಿ. ನನ್ನ ಮೇಲೆ ಇಷ್ಟು ಪ್ರೀತಿ ಇಟ್ಟವರು ಬೇರೆ ಯಾರೂ ಇಲ್ಲ. ಆದರೆ ಕಾಗದದಲ್ಲಿ ದಾಕ್ಷಿಣ್ಯ ಇರಬಾರದು ಎಂದವರು ನೀವೇ.

ಸಿನಿಮಾದ ಹಾಡುಗಳನ್ನು ಬೇರೆ ಹುಡುಗಿ ಹಾಡಿ ಮುಗಿಸಿದ್ದಾಳಂತೆ. ಇನ್ನು ಅವರನ್ನು ಕೇಳಬೇಡಿ.

ಧನುಶ್ರೀ

*

ಚನ್ನಪಟ್ಟಣ
6 ಜುಲೈ 2025

ಪುಟ್ಟಿ,

ನೀನು ಹಾಡು ಬಿಟ್ಟಿರುವುದು ನಿನ್ನ ಕಾಗದದಿಂದಲೇ ನನಗೆ ತಿಳಿದದ್ದು. ನಿನ್ನಪ್ಪ ಮನೋಹರ ಏನೂ ಹೇಳಿರಲಿಲ್ಲ. ಅವನು ಮಾಗಡಿಯಿಂದ ಫೋನ್ ಮಾಡಿದರೂ ನನಗೆ ಕೇಳುವುದೆಲ್ಲಿ? ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದು ಮತ್ತೆ ಓದಿದೆ. ಹಾಗೆಯೇ ಬರೆದಿದ್ದೀ.

ಡಾಕ್ಟರ ರಿಪೋರ್ಟಿನ ಜೆರಾಕ್ಸ್ ಇಟ್ಟಿದ್ದೇನೆ. ಗೆರೆ ಬಲಗಡೆ ಹೇಗೆ ಇಳಿದಿದೆ ನೋಡು. ಅದರ ಮೇಲೆ ಆಸ್ಪತ್ರೆಯ ಮೊಹರಿದೆ, ತಾಜ್ ಹಾಕಿದ್ದಲ್ಲ. ಇನ್ನೇನು ಕಳಿಸಲಿ ಹೇಳು. ಕಿವಿ ಕಿತ್ತು ಅಂಚೆಗೆ ಹಾಕುವಂತಿದ್ದರೆ ಅದನ್ನೂ ಹಾಕುತ್ತಿದ್ದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೂ ಬೇಡುತ್ತಿದ್ದೇನೆ, ಹಾಡು ಬಿಡಬೇಡ.

ದೊಡ್ಡಪ್ಪ

*

ಧಾರವಾಡ
10 ಆಗಸ್ಟ್ 2025

ದೊಡ್ಡಪ್ಪ,

ರಿಪೋರ್ಟನ್ನು ಇಲ್ಲಿಯ ಒಬ್ಬ ಡಾಕ್ಟರಿಗೆ ತೋರಿಸಿದೆ. ನಿಜ ಎಂದರು. ಸುಳ್ಳು ಎಂದು ಬರೆದದ್ದಕ್ಕೆ ನನ್ನನ್ನು ಕ್ಷಮಿಸಿ. ಅವತ್ತು ಮನೆಗೆ ಬಂದು ತುಂಬ ಅತ್ತೆ, ನಿಮ್ಮ ಕಿವಿಗಾಗಿ. ಸಿನಿಮಾ ಹೋದಾಗ ನಾನು ಅಷ್ಟು ಅತ್ತಿರಲಿಲ್ಲ.

ಆದರೆ ದೊಡ್ಡಪ್ಪ, ರಿಪೋರ್ಟು ನಿಮ್ಮ ಕಿವಿಯದ್ದು, ನನ್ನ ಗಂಟಲಿನದ್ದಲ್ಲ. ನಿಮ್ಮ ಕಿವಿ ಕೆಟ್ಟಿದೆ ಎಂದ ಮಾತ್ರಕ್ಕೆ ನನ್ನ ಶ್ರುತಿ ಸರಿ ಇತ್ತು ಎಂದಾಗುತ್ತದೆಯೇ? ಎರಡೂ ಕೆಟ್ಟಿರಬಹುದಲ್ಲ. ಮೊಬೈಲಿನಲ್ಲಿ ಶ್ರುತಿ ತೋರಿಸುವ ಆಪ್ ಹಾಕಿಕೊಂಡು ಹಾಡುತ್ತೇನೆ. ಸರಿ ಎನ್ನುವ ಹಸಿರು ಗೆರೆ ಅಲುಗುವುದಿಲ್ಲ. ಅದನ್ನು ನೋಡುತ್ತಲೇ ಮೇಲಿನ ಷಡ್ಜ ಕೆಳಗೆ ನಿಂತದ್ದು ನನಗೆ ಕೇಳುತ್ತದೆ. ನೀವು ಬರೆದ ಕೂದಲೆಳೆ ಈಗ ನನ್ನ ಕಿವಿಯಲ್ಲಿದೆ. ಮೆಷಿನ್ನನ್ನು ನಂಬಬೇಡ, ಚಪ್ಪಾಳೆಯನ್ನು ನಂಬಬೇಡ, ಕೇಳಬಲ್ಲ ಒಂದು ಕಿವಿಯನ್ನು ನಂಬು ಎಂದು ಬೆಳೆಸಿದಿರಿ. ಆ ಕಿವಿ ನಿಮ್ಮದಾಗಿತ್ತು. ಇನ್ನು ಯಾರದ್ದನ್ನು ನಂಬಲಿ?

ಸ್ಕೂಲಿನಲ್ಲಿ ಮಕ್ಕಳಿಗೆ ಗುಂಪುಗಾಯನ ಹೇಳಿಕೊಡುತ್ತೇನೆ. ಅವರ ನಡುವೆ ನಿಂತು ಸಣ್ಣ ದನಿಯಲ್ಲಿ ಹಾಡಿದರೆ ಯಾರಿಗೂ ತಿಳಿಯುವುದಿಲ್ಲ. ಒಬ್ಬಳೇ ಆದರೆ ಬಾಯಿ ಬರುವುದಿಲ್ಲ.

ಗೌರಿ ಹಬ್ಬಕ್ಕೆ ಬರುತ್ತೇನೆ. ನಿಮ್ಮ ಎದುರಿಗೆ ಒಂದೇ ಒಂದು ಸಲ ಹಾಡುತ್ತೇನೆ. ಎಡಗಿವಿಯೂ ಹೊರಟಿದೆ ಎಂದಿದ್ದೀರಿ, ಇನ್ನೂ ಒಂದಿಷ್ಟು ಉಳಿದಿರಬೇಕಲ್ಲ. ಅದರಲ್ಲಿ ಕೇಳಿ. ಆಮೇಲೆ ಯಾವಾಗಿನಂತೆ ಬರೆದು ತಿಳಿಸಿ.

ಧನುಶ್ರೀ

*

ಚನ್ನಪಟ್ಟಣ
14 ಸೆಪ್ಟೆಂಬರ್ 2025

ಪುಟ್ಟಿ,

ನೀನು ಬಂದು ಹೋಗಿ ಇಷ್ಟು ದಿನವಾದರೂ ಬರೆಯಲಿಲ್ಲ. ಒಂದು ರಾತ್ರಿ ಮಲಗಿ ಎದ್ದರೆ ಸಾಕು ಎಂದಿದ್ದವನು ನಾನು. ಕೂತು ಬರೆದು ಹರಿದು ಹಾಕಿದ್ದೇ ಆಯಿತು.

ಅವತ್ತು ಹಾಡು ಮುಗಿಸಿ ನೀನು ಕೇಳಿದೆ, "ಹೆಂಗಿತ್ತು ದೊಡ್ಡಪ್ಪ?" ಹಾಡು ಮುಗಿದ ಕೂಡಲೇ ನೀನು ಹಾಗೆ ಕೇಳಿದ್ದು ಅದೇ ಮೊದಲು. ನಾನು ಬಾಯಿ ಬಿಡಲಿಲ್ಲ. ಕಟ್ಟಳೆಗಾಗಿ ಸುಮ್ಮನಿದ್ದೇನೆಂದು ದೊಡ್ಡಮ್ಮ ತಿಳಿದಳು. ನಿನ್ನ ಮುಖ ನೋಡಿದರೆ ನೀನು ಹಾಗೆ ತಿಳಿದಂತೆ ಕಾಣಲಿಲ್ಲ. ಬಸ್ ಹತ್ತುವಾಗಲೂ ನೀನು ತಿರುಗಿ ನೋಡಲಿಲ್ಲ.

ನಾನು ಬಲಗಿವಿಗೆ ಹತ್ತಿ ಒತ್ತಿಕೊಂಡು ಕುಳಿತಿದ್ದೆ. ತಾಜ್ ಕಣ್ಣೊರೆಸಿಕೊಳ್ಳುತ್ತಿದ್ದ. ದೊಡ್ಡಮ್ಮ ಕಡುಬಿನ ಕೈ ಹಾಗೇ ಹಿಡಿದುಕೊಂಡು ಬಾಗಿಲಲ್ಲಿ ನಿಂತುಬಿಟ್ಟಿದ್ದಳು. ಅವರಿಬ್ಬರ ಮುಖ ನೋಡಿ, ಈ ಹಾಡು ಹೀಗಿರಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಊಟ ಮಾಡುವವರ ಮುಖ ನೋಡಿ ಅನ್ನದ ರುಚಿ ಹೇಳಲು ಹೊರಟವನ ಪಾಡು.

ನಿಜ ಬರೆಯುತ್ತೇನೆ. ನನಗೆ ಅದು ಅಪಶ್ರುತಿಯಾಗಿಯೇ ಕೇಳಿತು. ಎಡಗಿವಿಯಲ್ಲೂ. ಚೆನ್ನಾಗಿತ್ತು ಎಂದು ಬರೆದಿದ್ದರೆ ನಿನ್ನ ಕಾಗದಕ್ಕೆ ಮೋಸ ಮಾಡಿದಂತಾಗುತ್ತಿತ್ತು. ಚೆನ್ನಾಗಿರಲಿಲ್ಲ ಎಂದು ಬರೆಯುವ ಹಕ್ಕು ನನಗೆ ಉಳಿದಿಲ್ಲ. ಇದು ನನ್ನ ಕಿವಿಯ ದೋಷ ಎಂದು ನೂರು ಸಲ ಹೇಳಿಕೊಂಡೆ. ಆದರೂ ಒಳಗೆ ಒಂದು ಮೂಲೆಯಲ್ಲಿ, ಅಕಸ್ಮಾತ್ ಹುಡುಗಿಯೂ ತಪ್ಪಿದ್ದರೆ ಎಂಬ ಅನುಮಾನ ಎದ್ದಿತು. ಅದನ್ನು ಕಿತ್ತುಹಾಕಲು ನನ್ನಿಂದ ಆಗಲಿಲ್ಲ. ಇಷ್ಟು ವರ್ಷ ಈ ಕಿವಿಯನ್ನು ನಂಬಿಯೇ ಬದುಕಿದವನು, ಕೆಟ್ಟ ಮೇಲೂ ಅದನ್ನೇ ನಂಬುತ್ತೇನೆ. ಎಂಥ ನಾಚಿಕೆ ನೋಡು.

ನೀನು ಸರಿ ಹಾಡುತ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ, ಧನೂ. ಇನ್ನು ಯಾವತ್ತೂ ಗೊತ್ತಾಗುವುದಿಲ್ಲ. ನಿನಗೆ ಕೊಡಲು ನನ್ನ ಹತ್ತಿರ ಇದ್ದದ್ದು ಅದೊಂದೇ ಆಗಿತ್ತು.

ದೊಡ್ಡಪ್ಪ

*

ಧಾರವಾಡ
5 ಅಕ್ಟೋಬರ್ 2025

ದೊಡ್ಡಪ್ಪ,

ನಿಮ್ಮ ಕಾಗದವನ್ನು ದಸರಾ ರಜೆಯುದ್ದಕ್ಕೂ ಓದಿದೆ.

'ಗೊತ್ತಿಲ್ಲ' ಎಂದು ನೀವು ಬರೆದದ್ದು ಇದೇ ಮೊದಲು. ಓದಿದಾಗ ಕಾಲ ಕೆಳಗಿನ ನೆಲ ಜಾರಿತು. ಆಮೇಲೆ, ನಿಮಗೇ ಗೊತ್ತಿಲ್ಲದ ಮೇಲೆ ಇದು ಯಾರಿಗೂ ಗೊತ್ತಾಗುವ ವಿಷಯವಲ್ಲ ಎನ್ನಿಸಿತು. ನನಗೂ ಗೊತ್ತಿಲ್ಲ. ಗೊತ್ತಿಲ್ಲದೆಯೇ ಹಾಡಬೇಕು, ಇಲ್ಲವೇ ಬಿಡಬೇಕು. ಬಿಟ್ಟು ನೋಡಿದೆ. ಅದು ಇದಕ್ಕಿಂತ ಕಷ್ಟ.

ಮುಂದಿನ ತಿಂಗಳು ಎಂಟನೇ ತಾರೀಕು ಶನಿವಾರ ಇಲ್ಲೊಂದು ಸಣ್ಣ ಕಾರ್ಯಕ್ರಮ. 'ನಾಲ್ಕನೇ ಜ್ವರ'ದ ಆರೂ ಹಾಡು ಹಾಡುತ್ತೇನೆಂದು ಒಪ್ಪಿಕೊಂಡಿದ್ದೇನೆ.

ಒಂದು ಮಾತು ಕೇಳುತ್ತೇನೆ, ನೊಂದುಕೊಳ್ಳಬೇಡಿ. ನೀವು ಬರಬೇಡಿ. ಎದುರಿಗೆ ನಿಮ್ಮ ಮುಖ ಕಂಡರೆ ಮೇಲಿನ ಷಡ್ಜಕ್ಕೆ ಹೋಗುವಾಗ ನಾನು ಅದನ್ನೇ ನೋಡುತ್ತೇನೆ. ನೀವು ಎಷ್ಟೇ ನಗುತ್ತ ಕುಳಿತಿದ್ದರೂ ನೋಡುತ್ತೇನೆ. ಹಾಡಲಾಗುವುದಿಲ್ಲ.

ಇದನ್ನು ನಿಮಗೆ ಬರೆಯಬೇಕಾಯಿತಲ್ಲ ಎಂದು ಅಳು ಬರುತ್ತಿದೆ.

ನಿಮ್ಮ
ಪುಟ್ಟಿ

*

ಚನ್ನಪಟ್ಟಣ
12 ಅಕ್ಟೋಬರ್ 2025

ಪುಟ್ಟಿ,

ಬರುವುದಿಲ್ಲ.

ತಾಜ್ ಹೋಗಿಬರುತ್ತೇನೆ ಎಂದು ರೈಲಿನ ಟಿಕೆಟ್ ಕೂಡ ನೋಡಿದ್ದ. ಅವನನ್ನೂ ತಡೆದಿದ್ದೇನೆ. ಹೋಗಿ ಬಂದರೆ ಹೇಗಿತ್ತು ಎಂದು ನಾನು ಕೇಳುತ್ತೇನೆ.

ನೀನು ಹಾಡು.

ದೊಡ್ಡಪ್ಪ